80 ಲೀಟರಿನ ಸೌದೆ ಬಾಯ್ಲರ್: ಮಳೆಗಾಲದ ಲೆಕ್ಕ ಹಾಕಿ ನೋಡಿದಾಗ

ಶಿವಮೊಗ್ಗ, ತೀರ್ಥಹಳ್ಳಿ, ಸಾಗರದ ಕಡೆ ಹೊಸ ಮನೆ ಕಟ್ಟಿಸುವವರಲ್ಲಿ ಬಚ್ಚಲಿಗೆ ಹಂಡೆ ಒಲೆ ಹೂಡಿಸುವ ಬದಲು ಹೊರಗೋಡೆಯ ಪಕ್ಕ ಸ್ಟೀಲ್ ಬಾಯ್ಲರ್ ನಿಲ್ಲಿಸುವವರು ಬಹಳ. ನಡುವೆ ಹೊಗೆ ಕೊಳವೆ, ಅದರ ಸುತ್ತ ನೀರು, ಕೆಳಗೆ ಬೆಂಕಿ ಗೂಡು, ಹೊರಗೆ ಗ್ಲಾಸ್‌ವೂಲ್ ತುಂಬಿದ ತಗಡಿನ ಹೊದಿಕೆ. ಇಷ್ಟೇ ಅದರ ರಚನೆ. ಹೆಚ್ಚಿನವು ಸ್ಥಳೀಯ ವೆಲ್ಡಿಂಗ್ ಶೆಡ್ಡುಗಳಲ್ಲೇ ತಯಾರಾಗುವುದರಿಂದ ಕಂಪನಿ ಹೆಸರು ನೋಡಿ ಕೊಳ್ಳುವ ಸಾಮಾನು ಇದಲ್ಲ, ಕೆಲಸ ನೋಡಿ ಕೊಳ್ಳಬೇಕಾದದ್ದು. ನಾಲ್ಕೈದು ಜನರ ಮನೆಗೆ 80 ಲೀಟರಿನದು ಸರಿಯಾದ ಅಳತೆ. ಆದರೆ ಬೆಂಕಿ ಗೂಡಿನೊಳಗೆ ಸೌದೆ ಇಡುವ ಜಾಲರಿ ಇಲ್ಲದ, ಮೇಲೆ ಹಿಗ್ಗಿದ ನೀರಿಗೆ ದಾರಿ ಕೊಡುವ ಗಾಳಿ ಕೊಳವೆ ಇಲ್ಲದ ಬಾಯ್ಲರನ್ನು ಅರ್ಧ ಬೆಲೆಗೆ ಕೊಟ್ಟರೂ ತರಬೇಡಿ. ಕಾರಣ ಮುಂದೆ ಬರುತ್ತದೆ.

ಮೊದಲು ಸೌದೆ ಎಷ್ಟು ಬೇಕೆಂಬ ಲೆಕ್ಕ. ಒಂದು ಲೀಟರ್ ನೀರು ಒಂದು ಡಿಗ್ರಿ ಬಿಸಿಯಾಗಲು ಒಂದು ಕಿಲೋಕ್ಯಾಲೊರಿ ಬೇಕು. ಮಳೆಗಾಲದಲ್ಲಿ ಟ್ಯಾಂಕಿನ ನೀರು 22 ಡಿಗ್ರಿ ಇದೆ ಎಂದು ಇಟ್ಟುಕೊಳ್ಳಿ. 80 ಲೀಟರನ್ನು 62 ಡಿಗ್ರಿಗೆ ತರಲು 80 × 40, ಅಂದರೆ 3200 ಕಿಲೋಕ್ಯಾಲೊರಿ. ಚೆನ್ನಾಗಿ ಒಣಗಿದ ಸೌದೆಯಲ್ಲೂ ಐದನೇ ಒಂದು ಪಾಲು ನೀರೇ ಇರುತ್ತದೆ, ಅಂಥ ಒಂದು ಕೆ.ಜಿ. ಉರಿದರೆ ಸಿಗುವುದು ಸುಮಾರು 3400. ಇದೆಲ್ಲ ನೀರಿಗೆ ಸೇರುವುದಿಲ್ಲ. ಬಚ್ಚಲ ಹಂಡೆ ಒಲೆಯಲ್ಲಿ ಶೇ. 15 ಸೇರಿದರೆ ಹೆಚ್ಚು, ಜಾಲರಿ ಮತ್ತು ಚಿಮಣಿ ಸರಿಯಿರುವ ಬಾಯ್ಲರಿನಲ್ಲಿ ಶೇ. 35ರ ಲೆಕ್ಕ ಹಿಡಿಯಬಹುದು. ಹಾಗೆ ನೋಡಿದರೆ ಅದೇ ನೀರಿಗೆ ಹಂಡೆ 6.3 ಕೆ.ಜಿ. ಸೌದೆ ತಿನ್ನುತ್ತದೆ, ಬಾಯ್ಲರ್ 2.7 ಕೆ.ಜಿ.

ಸೌದೆ ಹಸಿಯಾಗಿದ್ದರೆ ಈ ಲೆಕ್ಕ ಬುಡಮೇಲು. ಅರ್ಧಕ್ಕರ್ಧ ನೀರಿರುವ ಸೌದೆಯಿಂದ ಕೆ.ಜಿ.ಗೆ ಸಿಗುವುದು 1900ರ ಆಸುಪಾಸು. ಬಾಯ್ಲರ್ ಎಷ್ಟೇ ಒಳ್ಳೆಯದಿರಲಿ, ಖರ್ಚು 4.8 ಕೆ.ಜಿ.ಗೆ ಏರುತ್ತದೆ. ಮಂದ ಉರಿ, ದಟ್ಟ ಹೊಗೆ ಸೇರಿದರೆ ಇನ್ನೂ ಮೇಲೆ. ಬಾಯ್ಲರ್ ತಂದೂ ಸೌದೆ ಉಳಿಯಲಿಲ್ಲ ಎನ್ನುವ ದೂರುಗಳಲ್ಲಿ ಹೆಚ್ಚಿನವು ಬಾಯ್ಲರಿನ ತಪ್ಪಲ್ಲ, ಸೌದೆ ಕೊಟ್ಟಿಗೆಯ ತಪ್ಪು.

ಮಾರುವವರ ಮಾತು ಬಿಟ್ಟು ಸ್ವಂತ ಬಾಯ್ಲರಿನ ಅಳತೆ ತಿಳಿಯಬೇಕೆಂದರೆ ಅಡಿಕೆ ತೂಗುವ ಕೊಕ್ಕೆ ತಕ್ಕಡಿ ಮತ್ತು ನೀರಿಗೆ ಅದ್ದುವ ಒಂದು ಥರ್ಮಾಮೀಟರ್ ಸಾಕು. ಟ್ಯಾಂಕ್ ತುಂಬಿಸಿ, ತಣ್ಣೀರಿನ ಡಿಗ್ರಿ ಬರೆದಿಟ್ಟುಕೊಂಡು, ಸರಿಯಾಗಿ 3 ಕೆ.ಜಿ. ಒಣ ಸೌದೆ ಉರಿಸಿ. ಬೆಂಕಿ ಪೂರ್ತಿ ಆರಿದ ಮೇಲೆ ತಣ್ಣೀರಿನ ವಾಲ್ವ್ ಬಂದ್ ಮಾಡಿ, ಕೆಳಗಿನ ಡ್ರೈನಿನಿಂದ ನಾಲ್ಕು ಬಕೆಟ್ ಇಳಿಸಿ, ನಾಲ್ಕರ ಸರಾಸರಿ ಡಿಗ್ರಿ ತೆಗೆಯಿರಿ. ಮೇಲಿನ ನಲ್ಲಿಯ ನೀರೊಂದನ್ನೇ ಅಳೆದರೆ ಬಾಯ್ಲರ್ ಇರುವುದಕ್ಕಿಂತ ಜಾಣನಂತೆ ಕಾಣುತ್ತದೆ, ಯಾಕೆಂದರೆ ಬಿಸಿ ನೀರೆಲ್ಲ ಮೇಲೆ ನಿಂತಿರುತ್ತದೆ. ಲೀಟರನ್ನು ಏರಿದ ಡಿಗ್ರಿಯಿಂದ ಗುಣಿಸಿ, ಬಂದದ್ದನ್ನು 3 × 3400ರಿಂದ ಭಾಗಿಸಿ. 22 ಇದ್ದದ್ದು 66 ಆಗಿದ್ದರೆ 3520 ಭಾಗಿಸು 10200, ಅಂದರೆ ಶೇ. 34.5. ಪಾಸು. 25ಕ್ಕಿಂತ ಕೆಳಗೆ ಬಂದರೆ ಜಾಲರಿ, ಚಿಮಣಿ, ಮಸಿ, ಈ ಮೂರರಲ್ಲಿ ಒಂದು ಕೆಟ್ಟಿದೆ. ಮೂರೂ ಸರಿಯಿದ್ದರೆ ಸೌದೆ ನೀವಂದುಕೊಂಡಷ್ಟು ಒಣಗಿಲ್ಲ.

ದಿನದ ಖರ್ಚು ಗೊತ್ತಾದರೆ ಮಳೆಗಾಲದ್ದು ಸುಲಭ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ 122 ದಿನ. ದಿನಕ್ಕೆ 2.7ರಂತೆ 330 ಕೆ.ಜಿ. ನೆಂಟರು, ಬಾಣಂತಿ ಸ್ನಾನ, ಎರಡನೇ ಸಲ ಒಲೆ ಹಚ್ಚುವುದು ಇವಕ್ಕೆಲ್ಲ ಕಾಲು ಪಾಲು ಸೇರಿಸಿ 410 ಕೆ.ಜಿ. ಎಂದುಕೊಳ್ಳಿ. ತಕ್ಕಡಿ ಹಿಡಿದು ಅಷ್ಟನ್ನೂ ತೂಗಬೇಕಿಲ್ಲ. ಒಂದೂವರೆ ಅಡಿ ಉದ್ದ ಕೊಯ್ದು ಸೀಳಿದ ಗಟ್ಟಿ ಜಾತಿಯ ಸೌದೆಯನ್ನು 4 ಅಡಿ ಎತ್ತರ, 6 ಅಡಿ ಅಗಲ ಅಡಕವಾಗಿ ಒಟ್ಟಿದರೆ ಹತ್ತಿರ ಹತ್ತಿರ ಒಂದು ಘನ ಮೀಟರ್. ತೂಕ 400 ಕೆ.ಜಿ. ಆಸುಪಾಸು ಬರುತ್ತದೆ. ಈ ಒಟ್ಟಿಲಿನ ಪಕ್ಕದ ಗೋಡೆಗೆ ಸೀಮೆಸುಣ್ಣದಲ್ಲಿ ನಾಲ್ಕು ಗೆರೆ ಎಳೆದು ಜೂನ್, ಜುಲೈ, ಆಗಸ್ಟ್, ಸೆಪ್ಟೆಂಬರ್ ಎಂದು ಬರೆಯಿರಿ. ಜುಲೈ ಮುಗಿಯುವಾಗ ಒಟ್ಟಿಲು ಅರ್ಧಕ್ಕಿಂತ ಕೆಳಗಿಳಿದಿದ್ದರೆ ಆಶ್ಲೇಷಾ ಮಳೆಯಲ್ಲಿ ಸೌದೆ ಹುಡುಕುವ ಪಾಡು ಖಂಡಿತ, ಆಗ ಸಿಗುವುದು ಹಸಿಯದೇ.

ಒಣಗಿಸಲು ಮಲೆನಾಡಿನಲ್ಲಿ ಇರುವುದು ಒಂದೇ ಅವಕಾಶ: ಜನವರಿಯಿಂದ ಮೇ. ಅಕೇಶಿಯಾ, ನೀಲಗಿರಿ, ತೋಟದ ಸಿಲ್ವರ್ ಓಕ್ ರೆಂಬೆ, ಯಾವುದೇ ಇರಲಿ, ಡಿಸೆಂಬರ್-ಜನವರಿಯಲ್ಲಿ ಕಡಿದು ಮೂರು ಇಂಚಿಗಿಂತ ದಪ್ಪ ಇರದಂತೆ ಸೀಳಬೇಕು. ಸೀಳದ ದಿಮ್ಮಿ ಸಿಪ್ಪೆ ಹೊದ್ದುಕೊಂಡು ಒಳಗೆ ಹಸಿಯಾಗಿಯೇ ಉಳಿಯುತ್ತದೆ. ಮೃಗಶಿರಾ ಹುಟ್ಟುವ ಮೊದಲು ಕೊಟ್ಟಿಗೆ ಸೇರಬೇಕು, ನೆಲದಿಂದ ಅರ್ಧ ಅಡಿ ಮೇಲೆ, ಗೋಡೆಯಿಂದ ಮೂರು ಇಂಚು ದೂರ, ಎರಡು ಬದಿಗೆ ಗಾಳಿ ಆಡುವಂತೆ. ಟಾರ್ಪಾಲಿನಿಂದ ಬುಡದವರೆಗೆ ಸುತ್ತಿದರೆ ಒಳಗೆ ಬೂಷ್ಟು ಹಿಡಿಯುತ್ತದೆ. ಒಣಗಿದೆಯೇ ಎಂದು ನೋಡಲು ಎರಡು ತುಂಡು ಒಂದಕ್ಕೊಂದು ಬಡಿಯಿರಿ: ಒಣಗಿದ್ದು ಟಣ್ಣೆನ್ನುತ್ತದೆ, ಹಸಿಯದು ದಪ್ಪೆನ್ನುತ್ತದೆ. ಇನ್ನೂ ಖಚಿತವಾಗಿ ಬೇಕಾದರೆ ಒಂದು ತುಂಡಿಗೆ ಗುರುತು ಹಾಕಿ ವಾರಕ್ಕೊಮ್ಮೆ ತೂಗಿ. ತೂಕ ಇಳಿಯುವುದು ನಿಂತ ವಾರ ಅದು ಒಣಗಿದೆ. ಜಡಿಮಳೆಯಲ್ಲಿ ಒಣ ಸೌದೆಯೂ ಥಂಡಿ ಹೀರುವುದರಿಂದ ಮುಂದಿನ ಎರಡು ದಿನದ ಪಾಲನ್ನು ಬಾಯ್ಲರಿನ ಪಕ್ಕ, ಚಿಮಣಿಗೆ ತಾಗದಂತೆ ಇಟ್ಟುಕೊಳ್ಳುವುದು ಒಳ್ಳೆಯದು.

ಅಡಿಕೆ ಸಿಪ್ಪೆ, ಸೋಗೆ, ತೆಂಗಿನ ಮಟ್ಟೆ ತೋಟದವರಿಗೆ ಪುಕ್ಕಟೆ. ಚೆನ್ನಾಗಿ ಒಣಗಿದ್ದರೆ ತೂಕಕ್ಕೆ ತೂಕ ಅವು ಸೌದೆಗೆ ಹೆಚ್ಚೇನೂ ಕಡಿಮೆಯಿಲ್ಲ, ಆದರೆ ಬುಟ್ಟಿ ಲೆಕ್ಕದಲ್ಲಿ ತೀರಾ ಹಗುರ, ಭರ್ರೆಂದು ಉರಿದು ಶಾಖವೆಲ್ಲ ಚಿಮಣಿಯಲ್ಲಿ ಹೋಗುತ್ತದೆ. ಹಚ್ಚುವುದಕ್ಕೆ ಅಡಿಕೆ ಹಾಳೆ-ಸೋಗೆ, ನಡುವೆ ಸೌದೆ, ಕೊನೆಗೆ ಎರಡು ಮೂರು ಕರಟ. ಈ ಕ್ರಮ ಬಾಯ್ಲರಿಗೆ ಹೊಂದುತ್ತದೆ. ಗೋಡಂಬಿ ಸಿಪ್ಪೆ ಮಾತ್ರ ಬೇಡ. ಅದರ ಎಣ್ಣೆಯ ಹೊಗೆ ಕಣ್ಣು, ಗಂಟಲು ಸುಡುತ್ತದೆ, ಕೊಳವೆಗೂ ಅಂಟು ಹಿಡಿಯುತ್ತದೆ.

ಇನ್ನು ಸಾಮಾನಿನ ವಿಷಯ. ಒಳ ಟ್ಯಾಂಕ್ ತುಕ್ಕು ತಡೆಯುವ 304 ದರ್ಜೆಯ ಸ್ಟೀಲ್ ಎಂದು ತೋರಿಸಲು ಅಂಗಡಿಯವರು ಅಯಸ್ಕಾಂತ ಹಿಡಿಯುತ್ತಾರೆ. ಅಂಟಲಿಲ್ಲ ಎಂದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ, ಅಗ್ಗದ 202 ಕೂಡ ಅಂಟುವುದಿಲ್ಲ. ಬಿಲ್ಲಿನಲ್ಲಿ 304 ಎಂದೂ ತಗಡಿನ ದಪ್ಪ ಎಷ್ಟೆಂದೂ ಬರೆಸಿಕೊಳ್ಳಿ, ಖಾಲಿ ಬಾಯ್ಲರಿನ ತೂಕ ಹಾಕಿಸಿ. ಒಂದೇ ಲೀಟರಿನ ಎರಡು ಬಾಯ್ಲರಿನಲ್ಲಿ ಹಗುರವಾದದ್ದು ಅಗ್ಗವಾಗಿದ್ದರೆ ಆಶ್ಚರ್ಯವಿಲ್ಲ. ಜಂಬಿಟ್ಟಿಗೆ ನೆಲದ ಬಾವಿ ನೀರು ಹಲವೆಡೆ ತುಸು ಹುಳಿ ಗುಣದ್ದು, ಜಿ.ಐ. (ಸತು ಲೇಪಿಸಿದ ಕಬ್ಬಿಣ) ಟ್ಯಾಂಕನ್ನು ಬೇಗ ತಿನ್ನುತ್ತದೆ. ತಾಮ್ರ ಬಾಳುತ್ತದೆ, ಬೆಲೆ ಜಾಸ್ತಿ.

ಜಾಲರಿ ಬೀಡಿನದಾಗಿರಬೇಕು, ಕೆಳಗೆ ಬೂದಿ ತಟ್ಟೆ, ಅದಕ್ಕೆ ಬೇರೆ ಬಾಗಿಲು. ಜಾಲರಿಯಿಲ್ಲದೆ ನೆಲದ ಮೇಲೆ ಉರಿಸಿದರೆ ಬೂದಿ ಕೆಂಡವನ್ನು ಮುಚ್ಚಿ ಕೆಳಗಿನಿಂದ ಗಾಳಿ ಸಿಗುವುದಿಲ್ಲ, ಕೊನೆಗೆ ಕಪ್ಪು ಇದ್ದಿಲು ಉಳಿಯುತ್ತದೆ. ಆ ಇದ್ದಿಲು ನೀವು ದುಡ್ಡು ಕೊಟ್ಟ ಶಾಖ. ಗೂಡಿನ ಆಳ ಅಳೆದು ಅದಕ್ಕೆ ಸರಿಯಾಗಿ ಸೌದೆ ಕೊಯ್ಸಿ. ಉದ್ದ ಸೌದೆ ಬಾಗಿಲಿನಿಂದ ಹೊರಗೆ ಚಾಚಿಕೊಂಡರೆ ಬೇಡದ ತಣ್ಣನೆ ಗಾಳಿ ಒಳಗೆ, ಹೊಗೆ ಹೊರಗೆ.

ಪೈಪ್ ಜೋಡಣೆಯಲ್ಲೇ ಹೆಚ್ಚು ಅನಾಹುತ. ತಣ್ಣೀರು ತಳಕ್ಕೆ ಬರಬೇಕು, ಬಿಸಿನೀರು ನೆತ್ತಿಯಿಂದ ಹೊರಡಬೇಕು. ತಿರುವು ಮುರುವಾದರೆ ಎರಡನೇ ಬಕೆಟ್‌ಗೇ ನೀರು ಉಗುರು ಬೆಚ್ಚಗೆ. ನೆತ್ತಿಯಿಂದಲೇ ಹೊರಡಬೇಕು ಎನ್ನಲು ಇನ್ನೊಂದು ಕಾರಣವೂ ಇದೆ: ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದೆ ಮೇಲಿನ ಟ್ಯಾಂಕ್ ಬರಿದಾದಾಗ, ನೆತ್ತಿಯಿಂದ ನೀರು ಹೋಗುವ ಬಾಯ್ಲರ್ ತುಂಬಿಕೊಂಡೇ ಇರುತ್ತದೆ. ಬುಡದಲ್ಲಿ ನಲ್ಲಿ ಇರುವುದು ಖಾಲಿಯಾಗುತ್ತದೆ, ಗೊತ್ತಿಲ್ಲದೆ ಒಲೆ ಹಚ್ಚಿದರೆ ಕೊಳವೆ ತಳಕ್ಕೆ ಸೇರುವ ವೆಲ್ಡಿಂಗ್ ಸೊಟ್ಟಗಾಗಿ ಸೋರಲು ಶುರು. ಗಾಳಿ ಕೊಳವೆ ಮೇಲಿನ ಟ್ಯಾಂಕಿನ ನೀರಿನ ಮಟ್ಟಕ್ಕಿಂತ ಒಂದೆರಡು ಅಡಿ ಎತ್ತರಕ್ಕೆ ಹೋಗಿ ತೆರೆದೇ ಇರಬೇಕು, ಅದಕ್ಕೆ ವಾಲ್ವ್ ಹಾಕಕೂಡದು. 80 ಲೀಟರ್ ನೀರು 90 ಡಿಗ್ರಿಗೆ ಹೋದರೆ ಎರಡೂವರೆ ಲೀಟರಿಗೂ ಹೆಚ್ಚು ಹಿಗ್ಗುತ್ತದೆ. ಅದಕ್ಕೆ ಹೋಗಲು ದಾರಿ ಇಲ್ಲದಿದ್ದರೆ ಬಾಯ್ಲರ್ ಒಡೆಯುತ್ತದೆ. ಹನಿ ಬೀಳುತ್ತದೆಂದು ಪ್ಲಂಬರ್ ಅಲ್ಲಿ ಎಂಡ್ ಕ್ಯಾಪ್ ಹಾಕಿ ಹೋಗಿದ್ದರೆ ಇವತ್ತೇ ತೆಗೆಸಿ.

ರಾತ್ರಿ ಕಾಸಿದ ನೀರು ಬೆಳಿಗ್ಗೆ ಆರಿರುತ್ತದೆ ಎಂದು ಗ್ಲಾಸ್‌ವೂಲನ್ನು ಬೈಯುತ್ತಾರೆ. ಕಳ್ಳ ಅದಲ್ಲ, ನಡುವಿನ ಕೊಳವೆ. ಬೆಂಕಿ ಆರಿದ ಮೇಲೂ ಅದರಲ್ಲಿ ಗಾಳಿ ಕೆಳಗಿನಿಂದ ಮೇಲಕ್ಕೆ ಎಳೆಯುತ್ತಲೇ ಇರುತ್ತದೆ, ನೀರಿನ ಬಿಸಿಯನ್ನು ಹೊತ್ತೊಯ್ಯುತ್ತದೆ. ಚಿಮಣಿಗೆ ತಿರುಗಿಸುವ ತಡೆ ತಗಡು ಇರುವ ಬಾಯ್ಲರ್ ತರಬೇಕಾದದ್ದು ಇದಕ್ಕೇ. ಆದರೆ ಒಂದು ಕೆಂಡ ಇದ್ದರೂ ಅದನ್ನು ಮುಚ್ಚಬಾರದು, ವಿಷಗಾಳಿ ಬಚ್ಚಲಿಗೆ ತಿರುಗುತ್ತದೆ. ಇದೇ ಕಾರಣಕ್ಕೆ ಬಾಯ್ಲರ್ ಬಚ್ಚಲಿನ ಒಳಗೆ ಬೇಡ, ಹೊರಗೆ ಮಾಡಿನ ಕೆಳಗೆ ಇರಲಿ. ಮಳೆಗಾಲದಲ್ಲಿ ಹದಿನೈದು ದಿನಕ್ಕೊಮ್ಮೆ ತಂತಿ ಬ್ರಷ್ಷಿನಿಂದ ಕೊಳವೆ ಉಜ್ಜಿ. ಪುಡಿ ಮಸಿ ಉದುರಿದರೆ ಚಿಂತೆಯಿಲ್ಲ, ಡಾಂಬರಿನಂಥ ಅಂಟು ಬಂದರೆ ಸೌದೆ ಹಸಿ.

ಹಂಡೆಯನ್ನು ಗುಜರಿಗೆ ಹಾಕುವ ಅವಸರ ಬೇಡ. ನೀರು ತುಂಬುವ ಹಬ್ಬದ ದಿನ ಹಿಂಡ್ಲೆಕಾಯಿ ಬಳ್ಳಿ ಸುತ್ತಲು ಬಾಯ್ಲರಿಗೆ ಕುತ್ತಿಗೆಯೇ ಇಲ್ಲ.

ತೋಟವಿಲ್ಲದೆ ಸೌದೆ ಕೊಂಡು ತರುವ ಪೇಟೆಯವರು ಬೇರೆ ಲೆಕ್ಕ ಹಾಕಬೇಕು. ಅದೇ 3200 ಕಿಲೋಕ್ಯಾಲೊರಿಗೆ ಕರೆಂಟ್ ಗೀಸರ್ ಸುಮಾರು 4 ಯೂನಿಟ್ ತೆಗೆದುಕೊಳ್ಳುತ್ತದೆ, ಗ್ಯಾಸ್ ಗೀಸರ್ 365 ಗ್ರಾಂ. 14.2 ಕೆ.ಜಿ. ಸಿಲಿಂಡರ್ ಹಾಗಾದರೆ 39 ದಿನ. ಅಷ್ಟೇ ದಿನಕ್ಕೆ ಬಾಯ್ಲರಿಗೆ ಬೇಕಾಗುವ ಒಣ ಸೌದೆ 105 ಕೆ.ಜಿ. ಡಿಪೋದಲ್ಲಿ 105 ಕೆ.ಜಿ. ಸೌದೆಗೆ, ಸಾಗಣೆ ಮತ್ತು ಸೀಳಿಸುವ ಕೂಲಿ ಸೇರಿ, ಸಿಲಿಂಡರಿಗಿಂತ ಹೆಚ್ಚು ಬಿದ್ದರೆ ಬಾಯ್ಲರ್ ಲಾಭವಲ್ಲ. ಲಾರಿಯಲ್ಲಿ ಬಂದದ್ದು ಹಸಿಯಾಗಿದ್ದರೆ 105ರ ಜಾಗದಲ್ಲಿ 190 ಹಾಕಿ ನೋಡಿ.