ಪಗಾರ ಚೀಟಿ ಬಿಡಿಸಿ ಹೇಳುವವರು: ಟಿಳಕವಾಡಿಯ ಒಂದು ಪಿಎಫ್ ಕನ್ಸಲ್ಟಂಟ್ ಆಫೀಸು

ಬೆಳಗಾವಿಯ ಉದ್ಯಮಬಾಗದಲ್ಲಿ ನನ್ನದೂ ನಮ್ಮಣ್ಣನದೂ ಪಾಲುದಾರಿಕೆಯ ಮಷಿನ್ ಶಾಪ್ ಇದೆ. ಫೌಂಡ್ರಿಯಿಂದ ಬಂದ ಕಾಸ್ಟಿಂಗ್‌ಗಳನ್ನು ಮಷಿನಿಂಗ್ ಮಾಡಿ ಕೊಡುತ್ತೇವೆ. ಕೆಲಸಗಾರರು 23 ಜನ, ಹಾಗಾಗಿ ಪಿಎಫ್ (ಭವಿಷ್ಯ ನಿಧಿ), ಇಎಸ್ಐ (ಕಾರ್ಮಿಕರ ಆರೋಗ್ಯ ವಿಮೆ) ಎರಡೂ ಉಂಟು. ಎರಡು ವರ್ಷದಿಂದ ಇವುಗಳ ಲೆಕ್ಕ ನೋಡುವ ಕೆಲಸವನ್ನು ಟಿಳಕವಾಡಿಯ ಒಬ್ಬ ಮೇಡಂಗೆ ಒಪ್ಪಿಸಿದ್ದೇವೆ. ಹೆಸರು ಹಾಕಬೇಡಿ ಎಂದು ಅವರೇ ಕೇಳಿಕೊಂಡಿದ್ದಾರೆ.

ಮೊದಲು ಬೇರೆಯವರ ಹತ್ತಿರ ಇದ್ದೆವು. ಒಂದು ತಿಂಗಳು ಅವರು ಪಿಎಫ್ ಹಣದ ಚಲನ್ ಕಟ್ಟಿದ್ದು 18ಕ್ಕೆ. ಕೊನೆಯ ದಿನ 15. ಮೂರು ದಿನದ ಬಡ್ಡಿ ತಾನೇ ಎಂದು ನಾವೂ ಸುಮ್ಮನಿದ್ದೆವು. ವರ್ಷದ ಕೊನೆಗೆ ಆಡಿಟರ್ ಹೇಳಿದ ಮೇಲೆ ಗೊತ್ತಾಯಿತು: ಕೆಲಸಗಾರರ ಪಗಾರದಿಂದ ಹಿಡಿದ ಪಾಲನ್ನು ತಡವಾಗಿ ಕಟ್ಟಿದರೆ ಅದನ್ನು ಖರ್ಚೆಂದು ತೋರಿಸುವ ಹಾಗಿಲ್ಲ, 2022ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟೇ ಹಾಗೆ ತೀರ್ಪು ಕೊಟ್ಟಿದೆ. ಸುಮಾರು 40 ಸಾವಿರ ನಮ್ಮ ಲಾಭಕ್ಕೆ ಸೇರಿಕೊಂಡಿತು. ಪಾಲುದಾರಿಕೆ ಸಂಸ್ಥೆಗೆ 30% ತೆರಿಗೆ, ಮೇಲೆ 4% ಸೆಸ್. ಹನ್ನೆರಡೂವರೆ ಸಾವಿರ ಹೋಯಿತು. ಒಬ್ಬ ಹೆಲ್ಪರ್‌ನ ತಿಂಗಳ ಪಗಾರ ಅದು. ನನಗೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಈ ಮೇಡಂ 7ನೇ ತಾರೀಖಿಗೆ ಹಾಜರಿ ಪುಸ್ತಕ ತರಿಸಿಕೊಳ್ಳುತ್ತಾರೆ, 12ರೊಳಗೆ ಚಲನ್ ಕಳಿಸುತ್ತಾರೆ. ಎರಡು ವರ್ಷದಲ್ಲಿ ಒಮ್ಮೆಯೂ ತಪ್ಪಿಲ್ಲ.

ಅವರ ಬೆಲೆ ನಿಜವಾಗಿ ತಿಳಿದದ್ದು 2025ರ ನವೆಂಬರ್ 21ರ ನಂತರ. ಅಂದು ಕೇಂದ್ರದ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು (ಕಾನೂನುಗಳು) ಜಾರಿಗೆ ಬಂದವು. ಒಟ್ಟು ಪಗಾರದಲ್ಲಿ ಭತ್ಯೆಗಳು ಅರ್ಧಕ್ಕಿಂತ ಹೆಚ್ಚಿದ್ದರೆ, ಹೆಚ್ಚಿದ್ದಷ್ಟನ್ನು ಪಿಎಫ್ ಲೆಕ್ಕ ಹಾಕುವ ವೇತನಕ್ಕೆ ಸೇರಿಸಬೇಕು ಎಂಬ ನಿಯಮ ಬಂತು. ವಾಟ್ಸಾಪಿನಲ್ಲಿ ಒಂದೇ ಗದ್ದಲ. "ಮಾಲಕರ, ಕೈಗೆ ಬರೂ ಪಗಾರ ಕಡಿಮಿ ಆಗತೈತೇನ್ರಿ?" ಎಂದು ಟರ್ನರ್‌ಗಳು ನನ್ನನ್ನು ಸುತ್ತುವರಿದರು. ನನ್ನ ಬಳಿ ಉತ್ತರ ಇರಲಿಲ್ಲ.

ಮೇಡಂ ಒಂದು ಸಂಜೆ ಪಾಳಿ ಬದಲಾಗುವ ಹೊತ್ತಿಗೆ ತಾವೇ ಶಾಪಿಗೆ ಬಂದರು. ಲೇತ್ ಪಕ್ಕದ ಬೆಂಚಿನ ಮೇಲೆ ಪಗಾರ ಚೀಟಿಗಳನ್ನು ಹರಡಿದರು. 22 ಜನರದು ಮೂಲ ವೇತನ ಮತ್ತು ಡಿಎ (ತುಟ್ಟಿಭತ್ಯೆ) ಸೇರಿ ಆಗಲೇ ಅರ್ಧ ದಾಟಿತ್ತು, ಅವರಿಗೆ ಏನೂ ಬದಲಿಲ್ಲ. ಬದಲಾದದ್ದು ಸೂಪರ್‌ವೈಸರ್ ಒಬ್ಬರದೇ. ಒಟ್ಟು 36,000, ಮೂಲ ಮತ್ತು ಡಿಎ 14,200. ಈಗ ವೇತನ 18,000 ಎಂದು ಲೆಕ್ಕ. ಆದರೆ ಪಿಎಫ್ ಕಡ್ಡಾಯ ಇರುವುದು 15,000 ಮಿತಿಯವರೆಗೆ ಮಾತ್ರ. ಹಾಗಾಗಿ ಅವರ ಕಡಿತ 1,704ರಿಂದ 1,800ಕ್ಕೆ ಏರಿತು. ತಿಂಗಳಿಗೆ 96 ರೂಪಾಯಿ! ಇಷ್ಟಕ್ಕೆ ಒಂದು ವಾರ ನಿದ್ದೆಗೆಟ್ಟಿದ್ದೆವು.

ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸೇವೆಯ ವರ್ಷಗಳ ಲೆಕ್ಕದಲ್ಲಿ ಮಾಲಕರು ಕೊಡುವ ಹಣದ ಲೆಕ್ಕ, ತೋರಿಸಿದರು. ಅದಕ್ಕೆ 15,000ದ ಮಿತಿ ಇಲ್ಲ. ಆ ಸೂಪರ್‌ವೈಸರ್ ಅವರ 11 ವರ್ಷದ ಸೇವೆಗೆ ನಾವು ಕೊಡಬೇಕಾದದ್ದು ಸುಮಾರು 90 ಸಾವಿರದಿಂದ 1 ಲಕ್ಷ 14 ಸಾವಿರಕ್ಕೆ ಏರಿತ್ತು. "ಇವತ್ತಿಂದನ ಸ್ವಲ್ಪ ಸ್ವಲ್ಪ ತಗದಿಡ್ರಿ" ಎಂದರು. ಕೇಳಲು ಕಹಿಯಾದ ಮಾತು. ಆದರೆ ನಮ್ಮ ಸೂಪರ್‌ವೈಸರ್‌ಗೆ ಅದು ಸಲ್ಲಬೇಕಾದದ್ದೇ.

ಸಿಎನ್‌ಸಿ (ಕಂಪ್ಯೂಟರ್ ಚಾಲಿತ) ಮಷಿನ್ ನಡೆಸುವ ಹುಡುಗನೊಬ್ಬ ಎದ್ದು ನಿಂತ. ಹೊಸ ತೆರಿಗೆ ಪದ್ಧತಿಯಲ್ಲಿ ಪಿಎಫ್‌ಗೆ ರಿಯಾಯ್ತಿ ಇಲ್ಲ, ಮತ್ಯಾಕೆ ಕಟ್ಟಬೇಕು ಎಂದ. "ವರ್ಷಕ್ಕ ಹನ್ನೆರಡು ಲಕ್ಷದ ತನಕಾ ನಿಂಗ ತೆರಿಗೀನ ಬರೂದಿಲ್ಲಪಾ, ರಿಯಾಯ್ತಿ ತಗೊಂಡು ಏನ್ ಮಾಡ್ತಿ?" ಎಂದರು ಮೇಡಂ. ಮಾಲಕರು ಹಾಕುವ 1,800ರಲ್ಲಿ 1,250 ಪಿಂಚಣಿಗೆ, 550 ಪಿಎಫ್‌ಗೆ ಹೋಗುವುದನ್ನು ಬರೆದು ತೋರಿಸಿದರು. ಹತ್ತು ವರ್ಷ ಕಟ್ಟಿದರೆ 58ಕ್ಕೆ ಪಿಂಚಣಿ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ 7 ಲಕ್ಷದವರೆಗೆ ವಿಮೆ, ಅದಕ್ಕೆ ಅವನ ಪಗಾರದಿಂದ ಒಂದು ಪೈಸೆಯೂ ಹಿಡಿಯುವುದಿಲ್ಲ. ಹುಡುಗ ಮರುದಿನ ತಾಯಿಯ ಹೆಸರನ್ನು ನಾಮಿನಿಯಾಗಿ ತುಂಬಿದ.

ಕೊರತೆಯೂ ಇದೆ. 10ರಿಂದ 15ರ ನಡುವೆ ಫೋನ್ ಎತ್ತುವುದೇ ಇಲ್ಲ. ಆಧಾರಿನಲ್ಲಿ ಒಂದು, ಪಿಎಫ್ ದಾಖಲೆಯಲ್ಲಿ ಇನ್ನೊಂದು ಹೆಸರು ಇರುವ ನಮ್ಮ ಹಳೆಯ ಫಿಟ್ಟರ್ ಒಬ್ಬರ ಹೆಸರು ಸರಿಪಡಿಸುವ ಕೆಲಸ ನಾಲ್ಕು ತಿಂಗಳಿಂದ ಹಾಗೇ ಬಿದ್ದಿದೆ. ಇದನ್ನು ಮೇಡಂ ಮುಂದೆಯೂ ಹೇಳಿದ್ದೇನೆ. ಆಫೀಸು ಎರಡನೇ ಮಹಡಿ, ಲಿಫ್ಟ್ ಇಲ್ಲ.

ಫೀಸು ತಿಂಗಳಿಗೆ 2,500. ಹೋಗುವುದಾದರೆ 16ರ ನಂತರ ಹೋಗಿ, ಮೂರು ತಿಂಗಳ ಪಗಾರ ಚೀಟಿ ಜೊತೆಗಿರಲಿ.