ಲಕುಮಿ, ಲಕ್ಷ್ಮಿ, ಲಕ್ಷ್ಮೀ: ಆಯಿಯ ಹಾಡು ಹುಡುಕಿದ ಮೂರು ದಾರಿ

ಈ ಮಳೆಗಾಲ ಆಯಿಯ ಹಾಡಿನ ಪಟ್ಟಿಗೆ ಬೂಷ್ಟು ಹಿಡಿಯಿತು. ನಮ್ಮ ಶಿರಸಿ ಕಡೆ ನೋಟ್‌ಬುಕ್ಕಿಗೆ ಪಟ್ಟಿ ಅಂತಲೇ ಹೇಳುತ್ತೇವೆ. ಹೆಚ್ಚಿನ ಹಾಡು ಉಳಿದವು. ಹದಿನಾಲ್ಕು ಹಾಡುಗಳಲ್ಲಿ ಮಾತ್ರ ಅಲ್ಲೊಂದು ಇಲ್ಲೊಂದು ಸಾಲು ಕಾಣುತ್ತಿತ್ತು. ನವರಾತ್ರಿಯೊಳಗೆ ಅವನ್ನು ಪೂರ್ತಿ ಬರೆದು ಕೊಡುತ್ತೇನೆ ಎಂದು ಆಯಿಗೆ ಮಾತು ಕೊಟ್ಟೆ.

ಹೆಚ್ಚಿನವು ದಾಸರ ಪದಗಳು. ಅಂತರ್ಜಾಲದಲ್ಲಿ ಇಂಥ ಹಾಡುಗಳ ದೊಡ್ಡ ಸಂಗ್ರಹವೊಂದಿದೆ. ಸಾಹಿತ್ಯ ಕನ್ನಡದಲ್ಲೂ ಇದೆ, ಇಂಗ್ಲಿಷ್ ಅಕ್ಷರದಲ್ಲೂ ಇದೆ. ಪಟ್ಟಿಯಲ್ಲಿದ್ದ ಪದಗಳನ್ನು ಇದ್ದ ಹಾಗೇ ಟೈಪ್ ಮಾಡಿದಾಗ ಸಿಕ್ಕಿದ್ದು ಎರಡೇ ಹಾಡು. ಆಯಿ ಬರೆದಿಟ್ಟಿದ್ದು ಹಾಡುವಾಗ ಬಾಯಲ್ಲಿ ಬರುವ ರೂಪ. ಸಂಗ್ರಹದಲ್ಲಿರುವುದು ಪುಸ್ತಕದ ರೂಪ. ಎರಡೂ ಸೇರಬೇಕಲ್ವಾ? ಅದಕ್ಕೆ ಅಲ್ಲಿ ಮೂರು ಸೌಲಭ್ಯ ಇದ್ದವು: ಹತ್ತಿರದ ಕಾಗುಣಿತ, ಒಂದೇ ಥರ ಕೇಳುವ ಪದ, ಮತ್ತೆ ನಕ್ಷತ್ರದ ಗುರುತು. ಹದಿನಾಲ್ಕು ಹಾಡುಗಳನ್ನೂ ಮೂರರಲ್ಲೂ ಹುಡುಕಿದೆ.

ಮೊದಲು ಹತ್ತಿರದ ಕಾಗುಣಿತ. ಒಂದು ಪದವನ್ನು ಇನ್ನೊಂದಾಗಿ ಮಾಡಲು ಎಷ್ಟು ಅಕ್ಷರ ಸೇರಿಸಬೇಕು, ತೆಗೆಯಬೇಕು, ಬದಲಿಸಬೇಕು ಎಂದು ಯಂತ್ರ ಎಣಿಸುತ್ತದೆ. ಈ ಎಣಿಕೆಗೆ 1965ರಲ್ಲಿ ಇದನ್ನು ವಿವರಿಸಿದ ಸೋವಿಯತ್ ಗಣಿತಜ್ಞ ಲೆವೆನ್‌ಸ್ಟೈನ್ ಹೆಸರೇ ಇದೆ. ಸಾಮಾನ್ಯವಾಗಿ ಎರಡು ಬದಲಾವಣೆಯವರೆಗೆ ಮಾತ್ರ ಒಪ್ಪುತ್ತದೆ. ಎರಡು ಅಕ್ಷರದ ಪದಕ್ಕೆ ಒಂದೂ ಇಲ್ಲ, ಮೂರರಿಂದ ಐದು ಅಕ್ಷರಕ್ಕೆ ಒಂದು, ಅದಕ್ಕಿಂತ ಉದ್ದದ ಪದಕ್ಕೆ ಎರಡು. ನಾನು ಬಳಸಿದ ಸಂಗ್ರಹದಲ್ಲೂ ಇದೇ ಲೆಕ್ಕ.

ಕನ್ನಡದಲ್ಲಿ ಇದು ಸ್ವಲ್ಪ ಎಡವುತ್ತದೆ. ಯಂತ್ರಕ್ಕೆ ‘ಕೃ’ ಒಂದು ಅಕ್ಷರ ಅಲ್ಲ. ಕ ಒಂದು, ವಟ್ರಸುಳಿ ಒಂದು. ‘ಕ್ರಿ’ ಅಂದರೆ ನಾಲ್ಕು: ಕ, ಅರ್ಧಾಕ್ಷರದ ಗುರುತು, ರ, ಗುಡಿಸು. ಹಾಗಾಗಿ ಆಯಿ ಬರೆದ ‘ಕ್ರಿಷ್ಣ’ದಿಂದ ‘ಕೃಷ್ಣ’ನಿಗೆ ಮೂರು ಬದಲಾವಣೆ ಬೇಕು. ಸಿಗುವುದಿಲ್ಲ. ‘ಲಕುಮಿ’ಯಿಂದ ‘ಲಕ್ಷ್ಮಿ’ಗೂ ಮೂರು. ಅದೂ ಸಿಗುವುದಿಲ್ಲ. ಆದರೆ ‘ಹರಿ’ಗೂ ‘ಹರ’ನಿಗೂ ಒಂದು ಗುಡಿಸಿನ ಅಂತರ ಅಷ್ಟೇ. ಹರಿಯ ಹಾಡು ಹುಡುಕಿದರೆ ಶಿವನ ಹಾಡುಗಳೂ ಸಾಲಾಗಿ ಬಂದವು. ಕಿವಿಗೆ ಒಂದೇ ಆದದ್ದು ಯಂತ್ರಕ್ಕೆ ದೂರ. ಅರ್ಥದಲ್ಲಿ ಬೇರೆಯಾದದ್ದು ಯಂತ್ರಕ್ಕೆ ಹತ್ತಿರ.

ಇಲ್ಲಿ ಒಂದು ಉಪಾಯ ಸಿಕ್ಕಿತು. ಪುರಂದರದಾಸರ ಅಂಕಿತವನ್ನು ಒಬ್ಬರು ‘ವಿಠಲ’ ಎಂದು ಬರೆಯುತ್ತಾರೆ, ಇನ್ನೊಬ್ಬರು ‘ವಿಠ್ಠಲ’ ಎಂದು. ಇವೆರಡರ ನಡುವೆ ಎರಡು ಬದಲಾವಣೆ. ‘ವಿಠಲ’ ಎಂದು ಹುಡುಕಿದರೆ ಪದ ಚಿಕ್ಕದು, ಒಂದಕ್ಕೇ ಅವಕಾಶ, ‘ವಿಠ್ಠಲ’ ಸಿಗುವುದಿಲ್ಲ. ‘ವಿಠ್ಠಲ’ ಎಂದು ಹುಡುಕಿದರೆ ಆರು ಅಕ್ಷರ, ಎರಡಕ್ಕೆ ಅವಕಾಶ, ‘ವಿಠಲ’ವೂ ಸಿಗುತ್ತದೆ. ಅಂದರೆ ಅನುಮಾನ ಇದ್ದಾಗ ಉದ್ದದ ಕಾಗುಣಿತವನ್ನೇ ಹಾಕಬೇಕು. ಇದು ಗೊತ್ತಾಗುವ ಮೊದಲು ಎರಡು ಸಂಜೆ ಸುಮ್ನೆ ಹೋಗಿತ್ತು. ಈ ದಾರಿಯಲ್ಲಿ ಸಿಕ್ಕಿದ್ದು ಆರು ಹಾಡು.

ಎರಡನೆಯದು, ಒಂದೇ ಥರ ಕೇಳುವ ಪದ. ಇದರ ಹಿಂದೆ ಇರುವುದು ಸೌಂಡೆಕ್ಸ್. 1918ರಲ್ಲಿ ಅಮೆರಿಕದ ರಾಬರ್ಟ್ ರಸೆಲ್ ಇದಕ್ಕೆ ಪೇಟೆಂಟ್ ಪಡೆದರು. ಮಾಡಿದ್ದು ಅಲ್ಲಿನ ಜನರ ಹೆಸರು ಹುಡುಕಲಿಕ್ಕೆ. ಹಾಗಾಗಿ ಇಂಗ್ಲಿಷ್ ಅಕ್ಷರಕ್ಕೆ ಮಾತ್ರ ನಡೆಯುತ್ತದೆ. ಮೊದಲ ಅಕ್ಷರ ಇಟ್ಟುಕೊಂಡು, ಸ್ವರಗಳನ್ನು ಬಿಟ್ಟು, ವ್ಯಂಜನಗಳಿಗೆ ಗುಂಪಿನ ಪ್ರಕಾರ ಮೂರು ಅಂಕಿ ಕೊಡುತ್ತದೆ.

ಇದು ನಮ್ಮ ಭಾಷೆಗೆ ಏನೂ ಬರಲಿಕ್ಕಿಲ್ಲ ಎಂದುಕೊಂಡಿದ್ದೆ. ಹಾಗಾಗಲಿಲ್ಲ. ನಮ್ಮ ಜಿಲ್ಲೆಯಲ್ಲಿ ಲಕ್ಷ್ಮಿ ಎಂದು ಇಂಗ್ಲಿಷಿನಲ್ಲಿ ಬರೆಯುವಾಗ ನಡುವೆ ಎಕ್ಸ್ ಹಾಕುವವರು ಜಾಸ್ತಿ. ಸಂಗ್ರಹದಲ್ಲಿ ಕೆ, ಎಸ್, ಎಚ್ ಇದೆ. ಹತ್ತಿರದ ಕಾಗುಣಿತಕ್ಕೆ ಇದು ಮೂರು ಬದಲಾವಣೆ, ಅಲ್ಲಿಗೆ ಮುಗಿಯಿತು. ಸೌಂಡೆಕ್ಸ್‌ನಲ್ಲಿ ಎರಡಕ್ಕೂ ಬರುವುದು ಒಂದೇ ಗುರುತು: ಎಲ್ 250. ಎಚ್ ಅದಕ್ಕೆ ಲೆಕ್ಕಕ್ಕೇ ಇಲ್ಲದ ಕಾರಣ ಬ, ಭ ಒಂದೇ ಆಗುತ್ತವೆ, ತ, ಥ ಕೂಡ. ‘ಭಾಗ್ಯ’ವನ್ನು ‘ಬಾಗ್ಯ’ ಎಂದು ಹೊಡೆದರೂ ಸಿಕ್ಕಿತು.

ಆದರೆ ಸ್ವರ ಬಿಟ್ಟರೆ ಕನ್ನಡದಲ್ಲಿ ಅರ್ಥವೇ ತಿರುಗುತ್ತದೆ. ‘ನಂಬಿದೆ’, ‘ನಂಬದೆ’ ಎರಡಕ್ಕೂ ಎನ್ 513. ದೇವರನ್ನು ನಂಬಿದವನ ಹಾಡು ಕೇಳಿದರೆ ನಂಬದವನ ಹಾಡೂ ಬರುತ್ತದೆ. ಮೂರು ಅಂಕಿಗೆ ನಿಲ್ಲುವುದರಿಂದ ಉದ್ದದ ಪದಗಳ ಬಾಲವೆಲ್ಲ ಕತ್ತರಿಸಿ ಹೋಗುತ್ತದೆ. ಒಂದು ಪದಕ್ಕೆ ಪುಟಗಟ್ಟಲೆ ಫಲಿತಾಂಶ ಓದಿ ಕಣ್ಣು ಸೋತಿತು. ಐದು ಹಾಡು ಸಿಕ್ಕವು. ಹೆಸರು ಹುಡುಕಲು ನಾನು ಇದನ್ನೇ ಬಳಸುತ್ತೇನೆ, ಸಾಲು ಹುಡುಕಲು ಬಳಸುವುದಿಲ್ಲ.

ಉಳಿದದ್ದು ನಕ್ಷತ್ರ. ಗೊತ್ತಿಲ್ಲದ ಜಾಗದಲ್ಲಿ ನಕ್ಷತ್ರ ಹಾಕಿದರೆ ಅಲ್ಲಿ ಎಷ್ಟು ಅಕ್ಷರ ಇದ್ದರೂ ನಡೆಯುತ್ತದೆ. ಮೂರರಲ್ಲಿ ಇದೇ ಸರಳ. ನನಗೆ ಬಹಳ ಹಿಡಿಸಿದ್ದೂ ಇದೇ. ‘ಲಕ*ಮ*’ ಎಂದು ಹಾಕಿದೆ. ಲಕ್ಷ್ಮಿ, ಲಕ್ಷ್ಮೀ, ಲಕುಮಿ, ಲಕುಮೀಶ ಎಲ್ಲ ಒಟ್ಟಿಗೆ ಬಂದವು. ಲಕ್ಷ್ಮಣನೂ ಬಂದ, ಅವನನ್ನು ಬಿಟ್ಟು ಮುಂದೆ ಹೋದರಾಯಿತು. ‘*ವಿಠ*ಲ*’ ಎಂದರೆ ಪುರಂದರವಿಠಲನು, ಪುರಂದರವಿಠ್ಠಲರಾಯ ಎಂಥವೂ ಸಿಗುತ್ತವೆ. ಕನ್ನಡದಲ್ಲಿ ಪದಕ್ಕೆ ಪದ ಅಂಟುತ್ತದೆ, ವಿಭಕ್ತಿ ಅಂಟುತ್ತದೆ. ಅದನ್ನು ಒಂದೆರಡು ಅಕ್ಷರದ ಲೆಕ್ಕದಲ್ಲಿ ಹಿಡಿಯಲಾಗದು, ನಕ್ಷತ್ರ ಹಿಡಿಯುತ್ತದೆ. ಒಂದೇ ಅಕ್ಷರಕ್ಕೆ ಹಾಕುವ ಪ್ರಶ್ನೆಚಿಹ್ನೆ ಮಾತ್ರ ಬೇಡ. ‘ಬಾ’ ಕೂಡ ಯಂತ್ರಕ್ಕೆ ಎರಡು ಅಕ್ಷರ, ಎಣಿಕೆ ತಪ್ಪುತ್ತದೆ.

ಯಾವ ಅಕ್ಷರ ಖಾತ್ರಿ, ಯಾವುದು ಬದಲಾಗಬಹುದು ಎನ್ನುವುದು ಹಾಡುವವರಿಗೆ ಗೊತ್ತಿರುತ್ತದೆ. ಅಡುಗೆಮನೆಯಿಂದ ಆಯಿ ಹೇಳುತ್ತಿದ್ದಳು, “ಕೂಸೇ, ಲಕ್ಷ್ಮಿ ಅಲ್ಲ, ಲಕುಮಿ. ರಾಗಕ್ಕೆ ಕೂರಬೇಕಲ್ಲ.” ನಾನು ಆ ಜಾಗಕ್ಕೆ ನಕ್ಷತ್ರ ಹಾಕುತ್ತಿದ್ದೆ. ಹೀಗೆ ಹನ್ನೆರಡು ಹಾಡು ಸಿಕ್ಕವು. ಪೂರ್ತಿ ಸಾಲು ಸಂಗ್ರಹದ್ದನ್ನು ತೆಗೆದುಕೊಂಡೆ, ಲಕುಮಿಯನ್ನು ಮಾತ್ರ ಎಲ್ಲೂ ತಿದ್ದಲಿಲ್ಲ.

ಹದಿಮೂರನೆಯದನ್ನು ಹತ್ತಿರದ ಕಾಗುಣಿತವೇ ಕೊಟ್ಟಿತು. ಬೂಷ್ಟಿನ ಕಲೆಯಲ್ಲಿ ‘ವರದ’ವನ್ನು ನಾನು ‘ಪರದ’ ಎಂದು ಓದಿದ್ದೆ. ಮೊದಲ ಅಕ್ಷರವೇ ತಪ್ಪಿದಾಗ ನಕ್ಷತ್ರವೂ ಸೌಂಡೆಕ್ಸೂ ಕೈಬಿಟ್ಟವು.

ಒಂದು ಹಾಡು ಇನ್ನೂ ಬಾಕಿ ಇದೆ. ಕೊನೆಯ ಸಾಲಿನಲ್ಲಿ ‘ಹಯವದನ’ ಎಂದು ಸ್ಪಷ್ಟವಾಗಿ ಕಾಣುತ್ತದೆ. ಅದು ವಾದಿರಾಜರ ಅಂಕಿತ. ಆಯಿಗೆ ರಾಗ ನೆನಪಿದೆ, ಮಾತು ಇಲ್ಲ. ವಾದಿರಾಜರ ವೃಂದಾವನ ಇರುವ ಸೋದೆ ನಮ್ಮ ಹತ್ತಿರವೇ ಇದೆ. ಬರುವ ಭಾನುವಾರ ಆಯಿಯನ್ನು ಕರೆದುಕೊಂಡು ಹೋಗಿ, ಅಲ್ಲಿ ಹಾಡುವ ಹೆಂಗಸರ ಮುಂದೆ ಆ ರಾಗ ಗುನುಗಿಸಬೇಕು.