ಮನೆಗೊಂದು ನ್ಯಾಸ್: ಸಿನಾಲಜಿ ಡಬ್ಬಿ, ಹಳೆ ಪಿಸಿ, ರಾಸ್‌ಬೆರಿ ಪೈ

ಹೋಲಿಕೆ ಅಂದ ಕೂಡಲೇ ಎಲ್ಲರೂ ಕೇಳುವುದು ವೇಗ. ಮನೆಯವರೆಲ್ಲ ಫೈಲ್ ಇಡಲು ನೆಟ್‌ವರ್ಕ್‌ಗೆ ಜೋಡಿಸುವ ಡಿಸ್ಕ್ ಡಬ್ಬಿಗೆ ನ್ಯಾಸ್ ಎನ್ನುತ್ತಾರೆ, ಅದರ ವಿಷಯದಲ್ಲಿ ಆ ಮಾತು ಬೇಗ ಮುಗಿಯುತ್ತದೆ. ಇಲ್ಲಿರುವ ಮೂರಕ್ಕೂ ಗಿಗಾಬಿಟ್ ಪೋರ್ಟ್ ಇದೆ. ದೊಡ್ಡ ವಿಡಿಯೊ ಫೈಲ್ ಕಾಪಿಗೆ ಹಾಕಿದರೆ ಮೂರೂ ಸೆಕೆಂಡಿಗೆ 100ರಿಂದ 112 ಎಂಬಿ ಆಸುಪಾಸಿನಲ್ಲೇ ನಿಲ್ಲುತ್ತವೆ. ಅಲ್ಲಿ ತಡೆಯುವುದು ನೆಟ್‌ವರ್ಕ್ ಕೇಬಲ್, ಡಿಸ್ಕ್ ಅಲ್ಲ. 11 ಎಂಬಿಗೆ ಅಂಟಿಕೊಂಡು ಕೂತಿದೆಯೆಂದರೆ ನ್ಯಾಸನ್ನು ಬೈಯುವ ಮೊದಲು ಕೇಬಲ್ ನೋಡಿ. ಗಿಗಾಬಿಟ್‌ಗೆ ಎಂಟೂ ಎಳೆ ಬೇಕು, ಒಂದು ಎಳೆ ಕಡಿದರೂ ಸಂಪರ್ಕ 100 ಮೆಗಾಬಿಟ್‌ಗೆ ಇಳಿಯಬಹುದು. ಬ್ರಾಡ್‌ಬ್ಯಾಂಡ್‌ನವರು ಕೊಟ್ಟ ಅಗ್ಗದ ರೌಟರಿನ ಪೋರ್ಟೇ 100 ಮೆಗಾಬಿಟ್‌ನದ್ದಾಗಿರುವುದೂ ಉಂಟು. ಆಗ ಒಂದು ಐದು ಪೋರ್ಟಿನ ಗಿಗಾಬಿಟ್ ಸ್ವಿಚ್ ಸಾಕು.

ನಿಜವಾದ ವ್ಯತ್ಯಾಸ ಕಾಣುವುದು ಕೆಟ್ಟ ದಿನದಲ್ಲಿ: ಕರೆಂಟ್ ಹೋದಾಗ, ಡಿಸ್ಕ್ ಸತ್ತಾಗ, ಡಬ್ಬಿಯೇ ಕೈಕೊಟ್ಟಾಗ. ಹೋಲಿಸಿದ ಸೆಟಪ್ ಹೀಗಿದೆ. ಮೊದಲನೆಯದು ಸಿದ್ಧ ನ್ಯಾಸ್ ಡಬ್ಬಿ ಸಿನಾಲಜಿ ಡಿಎಸ್223, ಎರಡು 4 ಟಿಬಿ ಡಿಸ್ಕ್ ಮಿರರ್ (ಒಂದರಲ್ಲಿ ಬರೆದದ್ದೇ ಇನ್ನೊಂದರಲ್ಲೂ). ಎರಡನೆಯದು 8 ಜಿಬಿ ರ‍್ಯಾಮ್ ಇರುವ ಹಳೆ ಐ5 ಡೆಸ್ಕ್‌ಟಾಪ್, ಅದರಲ್ಲಿ ಟ್ರೂನ್ಯಾಸ್ ಎಂಬ ನ್ಯಾಸ್ ಆಪರೇಟಿಂಗ್ ಸಿಸ್ಟಮ್, ಅದೇ ಎರಡು 4 ಟಿಬಿ. ಮೂರನೆಯದು 4 ಜಿಬಿಯ ಅಂಗೈಯಗಲದ ಕಂಪ್ಯೂಟರ್ ರಾಸ್‌ಬೆರಿ ಪೈ 4, ಅದರಲ್ಲಿ ಓಪನ್‌ಮೀಡಿಯಾವಾಲ್ಟ್ ಎಂಬ ನ್ಯಾಸ್ ತಂತ್ರಾಂಶ, ಯುಎಸ್‌ಬಿಗೆ 2 ಟಿಬಿ ಪೋರ್ಟಬಲ್ ಡಿಸ್ಕ್.

ಕರೆಂಟ್ ಲೆಕ್ಕ ಮೊದಲು. ಸಿನಾಲಜಿ ಎರಡೂ ಡಿಸ್ಕ್ ತಿರುಗುತ್ತಿರುವಾಗ 17 ವ್ಯಾಟ್ ಆಸುಪಾಸು, ಅಂದರೆ ತಿಂಗಳಿಗೆ 12 ಯೂನಿಟ್. ಪೈ ಮತ್ತು ಡಿಸ್ಕ್ ಸೇರಿ 6–7 ವ್ಯಾಟ್, 5 ಯೂನಿಟ್. ಹಳೆ ಪಿಸಿ ಸುಮ್ಮನೆ ಕೂತಿದ್ದರೂ 50 ವ್ಯಾಟ್ ನುಂಗಿದರೆ 36 ಯೂನಿಟ್. ಕರ್ನಾಟಕದಲ್ಲಿ ಈ 36ರ ತೂಕ ಬೇರೆ. ಗೃಹಜ್ಯೋತಿಯ ಉಚಿತ ಮಿತಿ ನಿಂತಿರುವುದು ಮನೆಯ ಹಳೆಯ ಸರಾಸರಿಯ ಮೇಲೆ. ಅದನ್ನು ದಾಟಿದ್ದಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ಲು. ತಿಂಗಳಿಗೆ 170 ಯೂನಿಟ್ ಸುಡುವ ಮನೆಗೆ ಹಳೆ ಪಿಸಿ ಬಂತೆಂದರೆ 206. ‘ಪುಕ್ಕಟೆ ಸಿಕ್ಕಿತು’ ಎಂದು ಅಟ್ಟದಿಂದ ಇಳಿಸಿದ ಪಿಸಿ ಹೀಗೆ ದುಬಾರಿಯಾಗುತ್ತದೆ.

ಇನ್‌ಸ್ಟಾಲ್ ಮಾಡುವುದರಲ್ಲಿ ಸಿನಾಲಜಿಗೆ ಸಾಟಿಯಿಲ್ಲ. ಡಿಸ್ಕ್ ತೂರಿಸಿ, ಬ್ರೌಸರಿನಲ್ಲಿ ತೆರೆದು, ಡಿಸ್ಕ್ ಜೋಡಿಸುವ ವಿಧಾನಕ್ಕೆ ಎಸ್‌ಎಚ್‌ಆರ್, ಫೈಲ್ ಸಿಸ್ಟಮ್‌ಗೆ ಬಿಟಿಆರ್‌ಎಫ್‌ಎಸ್ ಆಯ್ದುಕೊಂಡರೆ ಅರ್ಧ ಗಂಟೆಯ ಕೆಲಸ. ಟ್ರೂನ್ಯಾಸ್‌ಗೆ ಬೂಟ್ ಆಗಲೆಂದೇ ಪ್ರತ್ಯೇಕ ಡಿಸ್ಕ್ ಬೇಕು, ಅದರಲ್ಲಿ ಡೇಟಾ ಇಡಲು ಬಿಡುವುದಿಲ್ಲ. ಹಳೆಯ 120 ಜಿಬಿ ಎಸ್‌ಎಸ್‌ಡಿ ಧಾರಾಳ, ಪೆನ್‌ಡ್ರೈವ್ ಬೇಡ. ತಪ್ಪನ್ನು ತಾನೇ ತಿದ್ದುವ ಇಸಿಸಿ ರ‍್ಯಾಮ್ ಇಲ್ಲದೆ ಟ್ರೂನ್ಯಾಸ್‌ನ ಫೈಲ್ ಸಿಸ್ಟಮ್ ಆದ ಝಡ್‌ಎಫ್‌ಎಸ್ ಮುಟ್ಟಲೇಬಾರದು ಎಂಬ ಗುಲ್ಲಿಗೆ ಹೆದರಬೇಕಿಲ್ಲ; ಆದರೆ ಹಳೆ ರ‍್ಯಾಮನ್ನು ಒಂದು ರಾತ್ರಿ ಮೆಮೊರಿ ಪರೀಕ್ಷಿಸುವ ಮೆಮ್‌ಟೆಸ್ಟ್‌ಗೆ ಹಾಕದೆ ಪೂಲ್ (ಡಿಸ್ಕ್‌ಗಳ ಗುಂಪು) ಮಾಡಬೇಡಿ. ಪೈಗೆ ಡೆಸ್ಕ್‌ಟಾಪ್ ಇಲ್ಲದ ಲೈಟ್ ಆವೃತ್ತಿಯನ್ನೇ ಹಾಕಿ, ಅದರ ಮೇಲೆ ಓಪನ್‌ಮೀಡಿಯಾವಾಲ್ಟ್‌ನ ಸ್ಕ್ರಿಪ್ಟ್ ಓಡಿಸಬೇಕು. ಫ್ಲ್ಯಾಶ್‌ಮೆಮೊರಿ ಪ್ಲಗಿನ್ ಅಂದೇ ಹಾಕಿಬಿಡಿ, ಇಲ್ಲವಾದರೆ ಲಾಗ್ ಬರೆದೂ ಬರೆದೂ ಮೈಕ್ರೊ ಎಸ್‌ಡಿ ಕಾರ್ಡ್ ಸವೆಯುತ್ತದೆ. ಮೂರರಲ್ಲೂ ಪಾಸ್‌ವರ್ಡ್ ಇಲ್ಲದ ಗೆಸ್ಟ್ ಶೇರ್ ಮಾಡುವ ಗೋಜಿಗೆ ಹೋಗಬೇಡಿ. ಹೊಸ ವಿಂಡೋಸ್ 11 ಅದನ್ನು ತೆರೆಯಲು ತಕರಾರು ಮಾಡುತ್ತದೆ. ಮನೆಯಲ್ಲಿ ಒಬ್ಬೊಬ್ಬರಿಗೂ ಒಂದು ಯೂಸರ್ ಇರಲಿ.

ಡಿಸ್ಕ್ ಕೊಳ್ಳುವಾಗ ನೋಡಬೇಕಾದ್ದು ಒಂದೇ, ಅದು ಸಿಎಂಆರೋ ಎಸ್‌ಎಂಆರೋ ಎಂಬುದು. ಸಿಎಂಆರ್‌ನಲ್ಲಿ ಡೇಟಾ ಬರೆಯುವ ಟ್ರ್ಯಾಕ್‌ಗಳು ಬಿಡಿಬಿಡಿಯಾಗಿರುತ್ತವೆ. ಎಸ್‌ಎಂಆರ್‌ನಲ್ಲಿ ಟ್ರ್ಯಾಕ್‌ಗಳು ಹೆಂಚು ಹೊದಿಸಿದ ಹಾಗೆ ಒಂದರ ಮೇಲೊಂದು ಅರ್ಧ ಕೂತಿರುತ್ತವೆ. ಒಂದನ್ನು ತಿದ್ದಲು ಪಕ್ಕದವನ್ನೂ ಮತ್ತೆ ಬರೆಯಬೇಕು. ದಿನನಿತ್ಯದಲ್ಲಿ ಗೊತ್ತಾಗುವುದಿಲ್ಲ, ಸತ್ತ ಡಿಸ್ಕಿನ ಜಾಗಕ್ಕೆ ಹಾಕಿ ಗಂಟೆಗಟ್ಟಲೆ ಬರೆಸುವಾಗ ಉಸಿರು ಕಟ್ಟುತ್ತದೆ. ವೆಸ್ಟರ್ನ್ ಡಿಜಿಟಲ್‌ನ ರೆಡ್ ಸಾಲಿನ 2ರಿಂದ 6 ಟಿಬಿ ಡಿಸ್ಕ್‌ಗಳಲ್ಲಿ ಇದೇ ಇದೆ ಎಂದು 2020ರಲ್ಲಿ ಬಯಲಾದಾಗ ಗದ್ದಲವೇ ಎದ್ದಿತ್ತು. ರೆಡ್ ಪ್ಲಸ್ ಮತ್ತು ಸೀಗೇಟ್ ಐರನ್‌ವುಲ್ಫ್ ಸಿಎಂಆರ್.

ಈಗ ಒಂದೊಂದರ ಹುಳುಕು. ಪೈನಲ್ಲಿ ಎಲ್ಲ ತೊಂದರೆಯ ಮೂಲ ಯುಎಸ್‌ಬಿ. ಪೈ 4 ತನ್ನೆಲ್ಲ ಯುಎಸ್‌ಬಿ ಪೋರ್ಟ್‌ಗಳಿಗೂ ಸೇರಿಸಿ ಕೊಡುವುದು 1.2 ಆಂಪಿಯರ್ ಮಾತ್ರ. ಒಂದು ಪೋರ್ಟಬಲ್ ಡಿಸ್ಕ್ ತಡೆದುಕೊಳ್ಳುತ್ತದೆ. ಎರಡನೆಯದನ್ನು ಚುಚ್ಚಿದರೆ ತಿರುಗಲು ಶುರುವಾಗುವ ಗಳಿಗೆಯಲ್ಲಿ ಟಕ್ ಟಕ್ ಸದ್ದು, ಲಾಗ್‌ನಲ್ಲಿ ಅಂಡರ್ ವೋಲ್ಟೇಜ್, ಡಿಸ್ಕ್ ಮಾಯ. ಎರಡು ಬೇಕೆಂದರೆ ಸ್ವಂತ ಅಡಾಪ್ಟರ್ ಇರುವ ಹಬ್ ಇರಲೇಬೇಕು. ಪೈ 5ಕ್ಕೂ ಹಳೆಯ 3 ಆಂಪಿಯರ್ ಚಾರ್ಜರ್ ಹಾಕಿದರೆ ಯುಎಸ್‌ಬಿಗೆ 600 ಮಿಲಿಆಂಪಿಯರ್ ಅಷ್ಟೇ. 27 ವ್ಯಾಟಿನದ್ದು ಹಾಕಿದರೆ 1.6 ಆಂಪಿಯರ್. ಇನ್ನೊಂದು ಕಾಟ ಕೆಲವು ಸಾಟಾ–ಯುಎಸ್‌ಬಿ ಕೇಬಲ್‌ಗಳ ಚಿಪ್‌ನದ್ದು. ದೊಡ್ಡ ಕಾಪಿಯ ನಡುವೆ ಅರ್ಧ ನಿಮಿಷ ಹೆಪ್ಪುಗಟ್ಟಿ, ಲಾಗ್‌ನಲ್ಲಿ ಯುಎಎಸ್ (ಯುಎಸ್‌ಬಿ ಡಿಸ್ಕಿನ ವೇಗದ ವಿಧಾನ) ಅಬಾರ್ಟ್ ಎಂಬ ಸಾಲುಗಳು ಬಂದರೆ ಆ ಚಿಪ್‌ನ ಐಡಿ ನೋಡಿಕೊಂಡು ಬೂಟ್‌ನ ಕಮ್ಯಾಂಡ್‌ಲೈನ್ ಫೈಲಿನಲ್ಲಿ ಅದಕ್ಕೆ ಯುಎಎಸ್ ನಿಲ್ಲಿಸುವ ಕ್ವರ್ಕ್ ಎಂಬ ಸೂಚನೆ ಸೇರಿಸಬೇಕು. ಆ ಫೈಲ್ ಒಂದೇ ಸಾಲಿನಲ್ಲಿರಬೇಕು. ಎಂಟರ್ ಒತ್ತಿ ಎರಡು ಸಾಲು ಮಾಡಿದರೆ ಪೈ ಏಳುವುದೇ ಇಲ್ಲ. ಡಿಸ್ಕನ್ನು ವಿಂಡೋಸಿನ ಎನ್‌ಟಿಎಫ್‌ಎಸ್ ಫಾರ್ಮ್ಯಾಟಿನಲ್ಲೇ ಬಿಡಬೇಡಿ, ಲಿನಕ್ಸಿನ ಇಎಕ್ಸ್‌ಟಿ4 ಮಾಡಿ. ಯುಎಸ್‌ಬಿ ಡಿಸ್ಕ್‌ಗಳಲ್ಲಿ ರೇಡ್ (ಮಿರರ್‌ನಂಥ ಡಿಸ್ಕ್ ಜೋಡಣೆ) ಕಟ್ಟುವ ಆಸೆಯನ್ನಂತೂ ಬಿಟ್ಟುಬಿಡಿ, ಓಪನ್‌ಮೀಡಿಯಾವಾಲ್ಟ್ ಕೂಡ ಅವನ್ನು ಪಟ್ಟಿಯಲ್ಲೇ ತೋರಿಸುವುದಿಲ್ಲ.

ಹಳೆ ಪಿಸಿಯಲ್ಲಿ ಮೋಸ ಮಾಡುವುದು ಕೇಬಲ್. ಡಿಸ್ಕ್ ತನ್ನ ಆರೋಗ್ಯದ ಬಗ್ಗೆ ಕೊಡುವ ಸ್ಮಾರ್ಟ್ ವರದಿಯ 199ನೇ ಸಾಲು, ಅಂದರೆ ಸಿಆರ್‌ಸಿ (ಡೇಟಾ ಸಾಗಣೆಯ) ದೋಷದ ಎಣಿಕೆ, ವಾರದಿಂದ ವಾರಕ್ಕೆ ಏರುತ್ತಿದ್ದರೆ ಡಿಸ್ಕ್ ಬಹುತೇಕ ಚೆನ್ನಾಗಿಯೇ ಇರುತ್ತದೆ, ಸಾಟಾ ಕೇಬಲ್ ಬದಲಿಸಿ ನೋಡಿ. ಆಮೇಲೂ ಆ ಸಂಖ್ಯೆ ಇಳಿಯುವುದಿಲ್ಲ, ಏರದೆ ನಿಂತರೆ ಗೆದ್ದಂತೆ. 5 ಮತ್ತು 197ನೇ ಸಾಲುಗಳು, ಅಂದರೆ ಕೆಟ್ಟ ಸೆಕ್ಟರ್‌ಗಳ ಎಣಿಕೆ, ಏರುತ್ತಿದ್ದರೆ ಮಾತ್ರ ಹೊಸ ಡಿಸ್ಕಿಗೆ ದುಡ್ಡು ಹೊಂದಿಸಿಕೊಳ್ಳಿ. ಡಿಸ್ಕಿನ ಸೀರಿಯಲ್ ನಂಬರಿನ ಕೊನೆಯ ನಾಲ್ಕು ಅಂಕಿಯನ್ನು ಕ್ಯಾಬಿನೆಟ್ ತೆರೆದಾಗ ಕಾಣುವ ಅಂಚಿಗೆ ಚೀಟಿ ಬರೆದು ಅಂಟಿಸಿ. ಗಾಬರಿಯಲ್ಲಿ ಚೆನ್ನಾಗಿರುವ ಡಿಸ್ಕನ್ನೇ ಕಿತ್ತವರು ಕಡಿಮೆಯೇನಲ್ಲ.

ಸಿನಾಲಜಿಯ ಹುಳುಕು ಕನ್ನಡದಲ್ಲಿ ಹೆಸರಿಡುವವರಿಗೆ ಮೊದಲು ತಗಲುತ್ತದೆ. ಎನ್‌ಕ್ರಿಪ್ಟ್ ಮಾಡಿದ ಶೇರ್ಡ್ ಫೋಲ್ಡರಿನಲ್ಲಿ ಫೈಲಿನ ಹೆಸರು 143 ಬೈಟ್ ಮೀರುವಂತಿಲ್ಲ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್. ಕನ್ನಡದಲ್ಲಿ ಅಕ್ಷರ, ಒತ್ತಿನ ವಿರಾಮ, ಗುಣಿತದ ಚಿಹ್ನೆ ಒಂದೊಂದಕ್ಕೂ ಮೂರು. ‘ಅಜ್ಜಿಯ ಎಂಬತ್ತನೇ ಹುಟ್ಟುಹಬ್ಬ ಶಿವಮೊಗ್ಗ ಮನೆಯಲ್ಲಿ ಮಾಡಿದ್ದು’ ಎಂಬ ಹೆಸರು 149 ಬೈಟ್, ಕಾಪಿ ಆಗುವುದಿಲ್ಲ. ಸಿನಾಲಜಿಯ ಆಪರೇಟಿಂಗ್ ಸಿಸ್ಟಮ್ ಡಿಎಸ್‌ಎಂ 7.2ರಿಂದ ಇಡೀ ವಾಲ್ಯೂಮ್ ಎನ್‌ಕ್ರಿಪ್ಟ್ ಮಾಡುವ ಸೌಲಭ್ಯ ಬಂದಿದೆ, ಅಲ್ಲಿ ಈ ಕಟ್ಟಿಲ್ಲ. ಆದರೆ ವಾಲ್ಯೂಮ್ ಮಾಡುವಾಗಲೇ ಅದನ್ನು ಆರಿಸಿಕೊಳ್ಳಬೇಕು. ಮ್ಯಾಕ್ ಇರುವ ಮನೆಯಲ್ಲಿ ಇದರ ತಮ್ಮನೊಬ್ಬನಿದ್ದಾನೆ. ಹಳೆಯ ಎಚ್‌ಎಫ್‌ಎಸ್ ಪ್ಲಸ್ ಡಿಸ್ಕ್ ‘ೋ’ ಚಿಹ್ನೆಯನ್ನು ಮೂರು ತುಂಡು ಮಾಡಿ ಇಟ್ಟಿರುತ್ತದೆ. ಅಲ್ಲಿಂದ ಆರ್‌ಸಿಂಕ್ ಎಂಬ ನಕಲು ತಂತ್ರಾಂಶದಿಂದ ಕಳಿಸಿದರೆ, ಅದೇ ಹೆಸರಿನದ್ದು ಮೊದಲೇ ಇರುವ ನ್ಯಾಸ್‌ನಲ್ಲಿ ‘ಫೋಟೋ’ ಎಂದೇ ಎರಡು ಫೋಲ್ಡರ್ ಅಕ್ಕಪಕ್ಕ ಕಾಣಿಸುತ್ತವೆ, ಒಂದರ ಹೆಸರು 12 ಬೈಟ್, ಇನ್ನೊಂದರದ್ದು 24. ಆರ್‌ಸಿಂಕ್‌ನ ಐಕಾನ್ವ್ ಆಯ್ಕೆಯಲ್ಲಿ ಯುಟಿಎಫ್‌8–ಮ್ಯಾಕ್‌ನಿಂದ ಯುಟಿಎಫ್‌8ಕ್ಕೆ ಎಂದು ಹೇಳಿದರೆ ಸರಿಹೋಗುತ್ತದೆ.

ಕರೆಂಟ್ ಹೋದಾಗ ಇನ್‌ವರ್ಟರ್ ಇದೆಯಲ್ಲ ಎಂದು ನಿಶ್ಚಿಂತೆಯಿಂದ ಇರಬೇಡಿ. ಯುಪಿಎಸ್ ಮೋಡ್‌ನಲ್ಲಿ ಇಡದಿದ್ದರೆ ಬದಲಾಗುವ ಆ ಕ್ಷಣಕ್ಕೇ ಪಿಸಿ ರೀಸ್ಟಾರ್ಟ್ ಆಗಬಹುದು. ಬ್ಯಾಟರಿ ಖಾಲಿಯಾಗುತ್ತಿದೆ ಎಂದು ನ್ಯಾಸ್‌ಗೆ ತಿಳಿಸುವ ತಂತಿಯೂ ಅದಕ್ಕಿಲ್ಲ. ಯುಎಸ್‌ಬಿ ಡೇಟಾ ಪೋರ್ಟ್ ಇರುವ ಚಿಕ್ಕ ಯುಪಿಎಸ್ ಕೊಂಡು ಸಿನಾಲಜಿಗೆ ಚುಚ್ಚಿದರೆ, ಇಷ್ಟು ನಿಮಿಷದ ನಂತರ ಸೇಫ್ ಮೋಡ್‌ಗೆ ಹೋಗು ಎಂದು ಕಂಟ್ರೋಲ್ ಪ್ಯಾನೆಲಿನಲ್ಲೇ ಹೇಳಿಡಬಹುದು. ಅದೇ ಡಬ್ಬಿ ನೆಟ್‌ವರ್ಕ್ ಮೂಲಕ ಉಳಿದವಕ್ಕೂ ಸುದ್ದಿ ಮುಟ್ಟಿಸುತ್ತದೆ, ಅವುಗಳ ಐಪಿಯನ್ನು ಅನುಮತಿ ಪಟ್ಟಿಗೆ ಸೇರಿಸಿದ್ದರೆ. ಟ್ರೂನ್ಯಾಸ್‌ನಲ್ಲೂ ಆಗುತ್ತದೆ, ಯುಪಿಎಸ್ ಡ್ರೈವರ್ ನೀವೇ ಹುಡುಕಿ ಆರಿಸಬೇಕು. ಪಿಸಿಯ ಬಯೋಸ್‌ನಲ್ಲಿ ಕರೆಂಟ್ ಬಂದಾಗ ತಾನಾಗಿ ಆನ್ ಆಗುವ ಆಯ್ಕೆ ಹಾಕಿಡಿ.

ಡಬ್ಬಿಯೇ ಸತ್ತರೆ? ಟ್ರೂನ್ಯಾಸ್ ಇಲ್ಲಿ ಮೊದಲ ಸ್ಥಾನಕ್ಕೆ ಬರುತ್ತದೆ: ಡಿಸ್ಕ್‌ಗಳನ್ನು ಟ್ರೂನ್ಯಾಸ್ ಇರುವ ಯಾವ ಪಿಸಿಗೆ ಹಾಕಿದರೂ ಪೂಲ್ ಇಂಪೋರ್ಟ್ ಆಗುತ್ತದೆ. ಡಿಸ್ಕ್ ಬದಲಿಸುವಾಗಲೂ ಝಡ್‌ಎಫ್‌ಎಸ್ ತುಂಬಿರುವಷ್ಟನ್ನೇ ನಕಲು ಮಾಡುತ್ತದೆ. ಸಿನಾಲಜಿಯ ಡಿಸ್ಕ್‌ಗಳನ್ನು ಇನ್ನೊಂದು ಸಿನಾಲಜಿಗೆ ಸಾಗಿಸಬಹುದು, ಇಲ್ಲವೇ ಉಬುಂಟು ಪಿಸಿಯಲ್ಲಿ ಎಂಡಿಎಡಿಎಂ ಮತ್ತು ಎಲ್‌ವಿಎಂ2 ಎಂಬ ಸಲಕರಣೆಗಳನ್ನು ಹಾಕಿ ಓದಬಹುದು. ಕಮ್ಯಾಂಡ್ ಲೈನ್ ಕಂಡರೆ ಓಡುವವರಿಗೆ ಕಷ್ಟ.

ಹೊರಗಿಂದ ತೆರೆಯಲು ಪೋರ್ಟ್ ಫಾರ್ವರ್ಡ್ (ರೌಟರಿನಲ್ಲಿ ಇಂಟರ್ನೆಟ್‌ಗೆ ಬಾಗಿಲು ತೆರೆಯುವುದು) ಮಾಡಬೇಡಿ. ನಮ್ಮಲ್ಲಿ ಹಲವು ಸಂಪರ್ಕಗಳು ಸಿಜಿನ್ಯಾಟ್ (ಹಲವು ಮನೆಗಳಿಗೆ ಒಂದೇ ಹೊರಗಿನ ಐಪಿ) ಹಿಂದಿರುವುದರಿಂದ ಅದು ಕೆಲಸವೂ ಮಾಡುವುದಿಲ್ಲ. ಮಾಡಿದರೆ ಇನ್ನೂ ಅಪಾಯ. 2022ರಲ್ಲಿ ಡೆಡ್‌ಬೋಲ್ಟ್ ರ‍್ಯಾನ್ಸಮ್‌ವೇರ್ ಇಂಟರ್ನೆಟ್‌ಗೆ ತೆರೆದಿಟ್ಟ ಕ್ಯುನ್ಯಾಪ್ ಕಂಪನಿಯ ನ್ಯಾಸ್ ಡಬ್ಬಿಗಳನ್ನೇ ಹುಡುಕಿ ಬೀಗ ಜಡಿದಿತ್ತು. ಅದರ ಬದಲು ನಿಮ್ಮ ಸಾಧನಗಳನ್ನಷ್ಟೇ ಖಾಸಗಿಯಾಗಿ ಜೋಡಿಸುವ ಟೇಲ್‌ಸ್ಕೇಲ್ ಹಾಕಿ, ಅದು ಮೂರರಲ್ಲೂ ನಡೆಯುತ್ತದೆ.

ಯಾವುದು ಕೊಳ್ಳಬೇಕು ಅಂದರೆ: ಮನೆಯವರೆಲ್ಲ ಬಳಸುವ, ನೀವು ಊರಲ್ಲಿಲ್ಲದಾಗಲೂ ನಡೆಯಬೇಕಾದ ನ್ಯಾಸ್‌ಗೆ ಸಿನಾಲಜಿ. ಭಾನುವಾರ ಸ್ಕ್ರೂಡ್ರೈವರ್ ಹಿಡಿದು ಕೂರುವುದೇ ಖುಷಿ ಎನ್ನುವವರಿಗೆ ಪಿಸಿ. ಪೈಯನ್ನು ಒಂದೇ ನ್ಯಾಸ್ ಆಗಿ ನಂಬಬೇಡಿ, ಎರಡನೇ ಪ್ರತಿಗೆ ಮಾತ್ರ ಅದರಷ್ಟು ಅಗ್ಗದ ಆಳು ಇನ್ನೊಂದಿಲ್ಲ. ಮಿರರ್ ಎಂದರೆ ಬ್ಯಾಕಪ್ ಅಲ್ಲ. ಇಲ್ಲಿ ಅಳಿಸಿದ್ದು ಆ ಕ್ಷಣವೇ ಅಲ್ಲೂ ಅಳಿಯುತ್ತದೆ. ಪೈಯನ್ನು ಅಕ್ಕನ ಮನೆಯಲ್ಲೋ ಊರಿನಲ್ಲೋ ಇಟ್ಟು, ಸಿನಾಲಜಿಯ ಹೈಪರ್ ಬ್ಯಾಕಪ್‌ನಿಂದ ರಾತ್ರಿ ಆರ್‌ಸಿಂಕ್ ಮೂಲಕ ಪ್ರತಿ ಕಳಿಸಿ. ಮೊದಲ ಪ್ರತಿಯನ್ನು ಮಾತ್ರ ಮನೆಯಲ್ಲೇ ಕೇಬಲ್ ಹಾಕಿ ಮುಗಿಸಿಕೊಂಡೇ ಹೊರಡಿ. 1 ಟಿಬಿ ಗಿಗಾಬಿಟ್‌ನಲ್ಲಿ ಮೂರು ಗಂಟೆ ಹಿಡಿಯುತ್ತದೆ, 50 ಮೆಗಾಬಿಟ್ ಅಪ್‌ಲೋಡ್‌ನಲ್ಲಿ 44 ಗಂಟೆ, ಅದೂ ನಡುವೆ ಒಮ್ಮೆಯೂ ಕರೆಂಟ್ ಹೋಗದಿದ್ದರೆ.